ಎರಡು ವರ್ಷ ತೋಟ ಅಗೆಯಲಿಲ್ಲ, ಅಡಿಕೆ ಮರ ಮೊದಲಿಗಿಂತ ಚೆನ್ನಾಗಿವೆ. ಇದು ಸರಿಯಾ?

ಸಾಗರದ_ತೋಟ:
ಒಂದೂವರೆ ಎಕರೆ ಅಡಿಕೆ ಇದೆ. ಅಪ್ಪ ಇದ್ದಾಗ ಪ್ರತಿ ವರ್ಷ ಮಳೆ ಮುಗಿದ ಮೇಲೆ ಅಗೆಸಿ, ಬಿದ್ದ ಸೋಗೆಯನ್ನೆಲ್ಲ (ಅಡಿಕೆ ಗರಿ) ಹೊರಗೆ ಸಾಗಿಸಿ, ನೆಲವನ್ನು ಅಂಗಳದ ಹಾಗೆ ಇಡುತ್ತಿದ್ದರು. ಅವರು ಹೋದ ಮೇಲೆ ನನಗೆ ಅಷ್ಟೆಲ್ಲ ಮಾಡಲು ಮನಸ್ಸು ಬರಲಿಲ್ಲ. ಆಳು ಸಿಗಲಿಲ್ಲ ಅಂತ ಮನೆಯಲ್ಲಿ ಹೇಳಿದೆ, ನಿಜ ಹೇಳಬೇಕೆಂದರೆ ಸೋಮಾರಿತನವೇ. ಸೋಗೆ, ಹಾಳೆ ಬಿದ್ದಲ್ಲೇ ಬಿಟ್ಟೆ, ಕಳೆ ಮೊಣಕಾಲಿಗೆ ಬಂದಾಗ ಮಾತ್ರ ಯಂತ್ರದಲ್ಲಿ ಸವರಿ ಅಲ್ಲೇ ಹರಡಿದೆ. ಈ ಏಪ್ರಿಲ್‌ನಲ್ಲಿ ಸೋಗೆ ಎತ್ತಿ ನೋಡಿದರೆ ಕೆಳಗೆ ಮಣ್ಣು ತಣ್ಣಗಿತ್ತು, ಬೆರಳಲ್ಲಿ ಕೆದಕಿದರೆ ಸಾಕು, ಎರೆಹುಳು. ನಾಲ್ಕು ದಿನಕ್ಕೊಮ್ಮೆ ಬಿಡುತ್ತಿದ್ದ ನೀರನ್ನು ವಾರಕ್ಕೊಮ್ಮೆ ಬಿಟ್ಟರೂ ಮರ ಬಾಡಲಿಲ್ಲ. ಮುಂದೆ ಪೆಟ್ಟು ಬೀಳುತ್ತಾ? ಅಪ್ಪ ಪಟ್ಟ ಕಷ್ಟ ಬೇಕೇ ಇರಲಿಲ್ಲವಾ ಅನ್ನಿಸಿ ಒಂಥರಾ ಸಂಕಟ ಆಗುತ್ತಿದೆ.

ಶಿರಸಿಯವ:
ಅಗೆಯದೇ ಬಿಟ್ಟಿದ್ದು ಒಳ್ಳೆಯದೇ ಆಯಿತು. ಅಡಿಕೆಗೆ ತಾಯಿಬೇರು ಇಲ್ಲ, ಇರುವುದೆಲ್ಲ ತಂತುಬೇರು, ಅದರಲ್ಲೂ ಊಟ ಎಳೆಯುವ ಸಣ್ಣ ಬೇರು ಜಾಸ್ತಿ ಇರುವುದು ಮೇಲ್ಮಣ್ಣಿನಲ್ಲೇ. ಗುದ್ದಲಿ ಹಾಕಿದಷ್ಟೂ ಅವು ತುಂಡಾಗುತ್ತವೆ. ಆದರೆ ಬಸಿಗಾಲುವೆ ವಿಷಯದಲ್ಲಿ ಮಾತ್ರ ಸೋಮಾರಿತನ ಬೇಡ ಮಾರಾಯ್ರೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆಮೇಲೆ ಏನು ಮಾಡಿದರೂ ಮರ ಉಳಿಯುವುದು ಕಷ್ಟ.

ಕೊಪ್ಪ_ಕೃಷಿಕ:
ಎಲೆಚುಕ್ಕಿ ರೋಗ ಇದೆಯಾ ಮೊದಲು ನೋಡಿ. ಇದ್ದರೆ ಆ ಸೋಗೆಯನ್ನು ತೋಟದಲ್ಲಿ ಬಿಡಲೇಬೇಡಿ, ಹೊರಗೆ ತಂದು ಸುಡಿ. ಕೊಳೆರೋಗಕ್ಕೆ ಉದುರಿದ ಕಾಯಿಯೂ ಅಷ್ಟೇ, ಹೆಕ್ಕಲೇಬೇಕು. ಮಳೆ ಹಿಡಿಯುವ ಮೊದಲು ಕೊಳೆ ತಡೆಯುವ 1% ಬೋರ್ಡೋ ದ್ರಾವಣ ಹೊಡೆಯಿರಿ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. 40–45 ದಿನ ಬಿಟ್ಟು ಇನ್ನೊಂದು ಸಲ. ಇದನ್ನು ತಪ್ಪಿಸಿ ಒಂದು ವರ್ಷ ನಾನು ಅರ್ಧ ಫಸಲು ಕಳೆದುಕೊಂಡಿದ್ದೇನೆ.

ಮಣ್ಣುಪ್ರೀತಿ:
ಜಪಾನಿನ ಮಸನೊಬು ಫುಕುವೋಕಾ ಹೆಸರು ಕೇಳಿರುತ್ತೀರಿ, ಉಳದೇ ಗೊಬ್ಬರ ಹಾಕದೇ ಬೆಳೆದು ತೋರಿಸಿದವರು, 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಅವರೂ ಶುರುವಿನಲ್ಲಿ ಅಪ್ಪನ ಕಿತ್ತಳೆ ತೋಟವನ್ನು ಸುಮ್ನೆ ಹಾಗೇ ಬಿಟ್ಟಿದ್ದರು. ವರ್ಷ ವರ್ಷ ಸವರಿಸಿಕೊಂಡು ಬಂದ ಮರಗಳು, ಒಮ್ಮೆಲೇ ಬಿಟ್ಟಿದ್ದಕ್ಕೆ ಕೊಂಬೆಗೆ ಕೊಂಬೆ ಹೆಣೆದು, ಹುಳ ಬಿದ್ದು ಸತ್ತವು. ಯಾವ ಕೆಲಸ ಬಿಡಬಹುದು, ಯಾವುದು ಬಿಡಬಾರದು ಅಂತ ಅವರು ಕಲಿತಿದ್ದು ಆಮೇಲೆ. ನಿಮ್ಮ ತಂದೆಯ ಬಗ್ಗೆ ಹಾಗೆ ಅಂದುಕೊಳ್ಳಬೇಡಿ. ಅವರ ಕಾಲದಲ್ಲಿ ಬೆಟ್ಟದ ಸೊಪ್ಪು, ಸಗಣಿ ಗೊಬ್ಬರ ಹಾಕಿ ಮಣ್ಣಿಗೆ ಸೇರಿಸಲು ಅಗೆಸುತ್ತಿದ್ದಿರಬೇಕು, ಅಲ್ವಾ? ನೀವು ಕೈಕಟ್ಟಿ ಕೂತ ಎರಡು ವರ್ಷ ಮರ ಉಂಡಿದ್ದರಲ್ಲಿ ಅದೂ ಇದೆ.

ಸಾಗರದ_ತೋಟ:
ಹೌದು, ವರ್ಷಕ್ಕೆ ಹತ್ತಾರು ಗಾಡಿ ಸೊಪ್ಪು ತರಿಸುತ್ತಿದ್ದರು, ನನಗೆ ಅದು ಹೊಳೆದೇ ಇರಲಿಲ್ಲ. ಕಾಲುವೆ ಎರಡು ಕಡೆ ಮುಚ್ಚಿಹೋಗಿದೆ, ನಾಳೆಯೇ ಬಿಡಿಸುತ್ತೇನೆ. ಕೆಳಗಿನ ಮೂಲೆಯ ಆರೇಳು ಮರದ ಸೋಗೆಯಲ್ಲಿ ಕಂದು ಚುಕ್ಕಿ ಇದೆ. ಫೋಟೊ ಹಾಕುತ್ತೇನೆ, ಕೊಪ್ಪದವರು ದಯವಿಟ್ಟು ನೋಡಿ ಹೇಳಿ.