ಮರವಂತೆ, ಗಂಗೊಳ್ಳಿ ಕಡೆ ಇತಿಹಾಸ ಗೊತ್ತಿರೋರು ಹೇಳಿ

ಶಿರಾ ಹುಡುಗ: ತುಮಕೂರಿಂದ ಫ್ಯಾಮಿಲಿ ಸಮೇತ ಮರವಂತೆಗೆ ಹೊರಟಿದೀವಿ, ಬರೀ ಬೀಚ್ ನೋಡ್ಕೊಂಡು ವಾಪಸ್ ಬರೋಕೆ ಇಷ್ಟ ಇಲ್ಲ, ಪಕ್ಕದ ಗಂಗೊಳ್ಳಿ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ.

ಗುಬ್ಬಿ ಮೇಷ್ಟ್ರು: ಖಂಡಿತ ಹೋಗಿ ಬನ್ನಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ನದಿ ಅಲ್ಲೇ ಸಮುದ್ರ ಸೇರೋದು, ಪಂಚಗಂಗಾವಳಿ ಅಂತಾರೆ. ವಾರಾಹಿ ಹಿಡ್ಕೊಂಡು ಒಳಗೆ ಹೋದ್ರೆ ಬಸ್ರೂರು, ಆಗಿನ ಕಾಲಕ್ಕೆ ಭಾರೀ ಬಂದರು, ಗೋವಾದ ಪೋರ್ಚುಗೀಸರಿಗೆ ಅಕ್ಕಿ ಅಲ್ಲಿಂದ ಹೋಗ್ತಿತ್ತು, ಕೆಳದಿ ನಾಯಕರ ಕಾಲದಲ್ಲಿ, 1665ರಲ್ಲಿ, ಶಿವಾಜಿ ಹಡಗಲ್ಲಿ ಬಂದು ಲೂಟಿ ಮಾಡಿದ್ದೂ ಇದೇ ಊರನ್ನ. ಇದನ್ನ ಬಿಟ್ಟು ಬರ್ಬೇಡಿ.

ಮಧುಗಿರಿ ಅಕ್ಕ: ನಮ್ ನಾದಿನಿನ ಕೊಟ್ಟಿರೋದು ಆ ಕಡೆಗೇ. ಮರವಂತೆಲಿ ಹೈವೇ ಒಂದು ಪಕ್ಕ ಅಲೆ ಬಂದು ಕಲ್ಲಿಗೆ ಬಡೀತಿರುತ್ತೆ, ರಸ್ತೆ ದಾಟಿದ್ರೆ ಸೌಪರ್ಣಿಕಾ ಅಲ್ಲಾಡದೆ ನಿಂತಿರುತ್ತೆ. ಜೂನ್, ಜುಲೈ ಬೇಡ ತಮ್ಮಾ, ಮೀನುಗಾರಿಕೆ ನಿಷೇಧ, ಗಂಗೊಳ್ಳಿಲಿ ದೊಡ್ಡ ಬೋಟೆಲ್ಲ ದಡದಲ್ಲೇ ಇರ್ತವೆ.