ಪುಟ್ಟಿಯ ಮಲ್ಲಿಗೆ ಗಿಡದ ವಿಷಯ

ಪುಟ್ಟಿ, ನೀನು ಹಾಕಿದ ಫೋಟೋ ನೋಡಿದೆ. ಕುಂಡದ ಸುತ್ತ ಎಲೆ ಉದುರಿದೆ, "ಅತ್ತೆ, ಮಲ್ಲಿಗೆ ಸತ್ತೇ ಹೋಯ್ತಾ" ಅಂತ ಕೇಳಿದ್ದೀಯ. ಸತ್ತಿಲ್ಲ ಮಾರಾಯ್ತಿ! ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡು. ಒಳಗೆ ಹಸಿರಿದ್ದರೆ ಜೀವ ಇದೆ. ಹೊರಗಿದ್ದ ಗಿಡ ಮನೆಯೊಳಗೆ ಬಂದಾಗ ಎಲೆ ಉದುರುವುದು ಮಾಮೂಲು. ನ್ಯೂಜೆರ್ಸಿಯಲ್ಲಿ ಒಳಗೆ ತಂದ ಮಲ್ಲಿಗೆ ಸಾಯುವುದು ಚಳಿಗಿಂತ ಜಾಸ್ತಿ ನಮ್ಮ ಉಪಚಾರದಿಂದಲೇ. ಗಾಬರಿಯಾಗಿ ದಿನಾ ನೀರು ಹಾಕುತ್ತೇವೆ, ಮೇಲಿಂದ ಗೊಬ್ಬರ ಬೇರೆ. ಬೇರು ಕೊಳೆಯದೆ ಇನ್ನೇನಾಗುತ್ತದೆ? ಬೆರಳು ಹಾಕಿ ನೋಡು, ಮಣ್ಣು ಮೇಲೆ ಒಂದಿಂಚು ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಮಾರ್ಚ್ ತನಕ ಬೇಡವೇ ಬೇಡ.

ಆಮೇಲೆ, ಕುಂಡವನ್ನು ಹೀಟರ್ ಗಾಳಿ ಬರುವ ಜಾಲರಿ ಪಕ್ಕವೇ ಇಟ್ಟಿದ್ದೀಯಲ್ಲ, ಮೊದಲು ಅಲ್ಲಿಂದ ಎತ್ತು. ದಕ್ಷಿಣದ ಕಿಟಕಿ, 60 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ರೂಮು ಸಾಕು. ಒಣ ಗಾಳಿಗೆ ನುಸಿ ಹತ್ತುತ್ತದೆ. ಎಲೆಯಡಿ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟು. ಬಿದ್ದ ಧೂಳು ಮೆಲ್ಲಗೆ ನಡೆಯಲು ಶುರು ಮಾಡಿದರೆ ಅದೇ ನುಸಿ. ವಾರಕ್ಕೊಮ್ಮೆ ಬಾತ್‌ರೂಮಿಗೆ ಒಯ್ದು ಎಲೆಯ ಅಡಿಭಾಗವನ್ನು ಶವರ್‌ನಲ್ಲಿ ತೊಳಿ. ಬೇಕಾದರೆ ಬೇವಿನೆಣ್ಣೆ.

ಫೆಬ್ರವರಿ ಕೊನೆಗೆ ಮೂರರಲ್ಲಿ ಒಂದು ಪಾಲು ಕತ್ತರಿಸಿಬಿಡು. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮೊಗ್ಗು ಬರುವುದೇ ಹೊಸ ಚಿಗುರಿನ ತುದಿಯಲ್ಲಿ ಅಲ್ವಾ? ಮೇ ತಿಂಗಳಲ್ಲಿ ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುವುದು ನಿಂತ ಮೇಲೆ ಹೊರಗಿಡು, ಮೊದಲು ನೆರಳಿಗೆ.

ಇನ್ನೊಂದು ಗಿಡ ಮಾಡಿಕೊಳ್ಳಲು ಈಗ ಕಡ್ಡಿ ಚುಚ್ಚಬೇಡ. ಜೂನ್‌ನಲ್ಲಿ ಅರ್ಧ ಬಲಿತ ಕಡ್ಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಹರಳು) ಬೆರೆಸಿದ ಮಣ್ಣಿಗೆ ಚುಚ್ಚಿ, ಪ್ಲಾಸ್ಟಿಕ್ ಕವರ್ ಮುಚ್ಚು. ಇಲ್ಲವೇ ಬಗ್ಗುವ ಕೊಂಬೆಯೊಂದನ್ನು ಪಕ್ಕದ ಕುಂಡದಲ್ಲಿ ಹೂತು ಮೇಲೊಂದು ಕಲ್ಲಿಡು. ಬೇರು ಬಿಟ್ಟ ಮೇಲೆ ತಾಯಿಗಿಡದಿಂದ ಬಿಡಿಸು. ನನಗೆ ಇದೇ ಇಷ್ಟ, ಸುಮ್ನೆ ಮರೆತುಬಿಡಬಹುದು.

ಅತ್ತಿಗೆ, ನೀವು ಸಾಗರದಿಂದ ಡೇರೆ ಹೂವಿನ (ಡೇಲಿಯಾ) ಗಡ್ಡೆ ತರುತ್ತೇನೆ ಅಂದಿದ್ದೀರಿ. ಬೇಡ, ರೋಗ-ಕೀಟ ಇಲ್ಲ ಅಂತ ಸರ್ಕಾರ ಕೊಡುವ ಪ್ರಮಾಣಪತ್ರ (ಫೈಟೋಸ್ಯಾನಿಟರಿ ಸರ್ಟಿಫಿಕೇಟ್) ಇಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಇಲ್ಲೂ ಡೇರೆ ಸಿಗುತ್ತದೆ, ನಾನೇ ಪುಟ್ಟಿಗೆ ಕೊಡುತ್ತೇನೆ. ಹಿಮ ಬಿದ್ದು ಎಲೆ ಕಪ್ಪಾಗಲಿ ಅಂತ ಕಾಯುತ್ತಿದ್ದೇನೆ, ಆಮೇಲೆ ಕೀಳುವುದು. ಪುಟ್ಟಿ, ಗಡ್ಡೆ ಪಾಲು ಮಾಡುವಾಗ ಪ್ರತಿಯೊಂದಕ್ಕೂ ಹಳೇ ಕಾಂಡದ ಬುಡದ ಒಂದು ಚೂರು ಇರಲಿ. ಕಣ್ಣು ಇರುವುದು ಅಲ್ಲೇ. ಬರೀ ಗಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರುವುದಿಲ್ಲ.