ಕಾಕಾ ಹಾಕಿದ ವಿಡಿಯೊ

ಭಾನುವಾರ ಬೆಳಿಗ್ಗೆ ಕಾಕಾ ನಮ್ಮ ಮನೆಮಂದಿ ಗುಂಪಿನಲ್ಲಿ ಒಂದು ವಿಡಿಯೊ ಹಾಕಿದರು. ಕಲಬುರಗಿಯಲ್ಲಿ ನಡೆದ 5 ಕಿ.ಮೀ. ಓಟ. ಕೊನೆಯ ನೂರು ಮೀಟರ್ ಇರುವಾಗ ಜನರ ನಡುವಿನಿಂದ ಕಾಕಾ ಪೈಜಾಮದಲ್ಲೇ ನುಗ್ಗುತ್ತಾರೆ. ಓಡುತ್ತಿದ್ದ ಮಗಳ (ನನ್ನ ತಂಗಿಯ) ಕೈ ಹಿಡಿದು ಗೆರೆ ದಾಟಿಸುತ್ತಾರೆ. ಹುಡುಗಿಯರಲ್ಲಿ ಅವಳಿಗೆ ಮೂರನೇ ಸ್ಥಾನ. ಸಾಲಾಗಿ ಹೃದಯ, ಚಪ್ಪಾಳೆ ಬಂದವು. ಆಮೇಲೆ ಬೀದರಿನ ದೊಡ್ಡಪ್ಪ ಟೈಪ್ ಮಾಡತೊಡಗಿದರು. ಅವರು ರಿಟೈರ್ಡ್ ಪಿ.ಟಿ. ಮಾಸ್ತರು.

ದೊಡ್ಡಪ್ಪ: ತಮ್ಮಾ, ನಿನ್ನ ಎದೆ ಮೇಲೆ ನಂಬರ್ ಎಲ್ಲಿದೆ?

ಕಾಕಾ: ನಾನು ಓಡಲಿಕ್ಕೆ ಹೋಗಿರಲಿಲ್ಲ ಅಣ್ಣಾ. ನೋಡಲಿಕ್ಕೆ ಹೋಗಿದ್ದೆ.

ದೊಡ್ಡಪ್ಪ: ಹಾಗಾದರೆ ನೋಡಬೇಕಿತ್ತು.

ಅತ್ತೆ: ಸುಮ್ನೆ ಇರು ಅಣ್ಣಾ. ಮಗಳು ತಲೆ ತಿರುಗಿ ಬೀಳುವ ಹಾಗಿದ್ದರೆ ಅಪ್ಪ ಕೈಕಟ್ಟಿ ನಿಲ್ಲಬೇಕಾ?

ಕಾಕಾ: 1992, ಬಾರ್ಸಿಲೋನಾ ಒಲಿಂಪಿಕ್ಸ್. 400 ಮೀಟರ್ ಸೆಮಿಫೈನಲ್‌ನಲ್ಲಿ ಡೆರೆಕ್ ರೆಡ್ಮಂಡ್ ತೊಡೆ ಹಿಡಿದುಕೊಂಡು ನಿಂತುಬಿಟ್ಟ. ಅವನ ಅಪ್ಪ ಟ್ರ್ಯಾಕಿಗೇ ಇಳಿದು ಬಂದು ಹೆಗಲು ಕೊಟ್ಟ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರಾದರೂ ನಂಬರ್ ಕೇಳಿದರಾ?

ದೊಡ್ಡಪ್ಪ: ಕೇಳಲಿಲ್ಲ. ಆದರೆ ದಾಖಲೆಯಲ್ಲಿ ಅವನು ಓಟ ಮುಗಿಸಿದ ಅಂತಲೂ ಇಲ್ಲ. ಚಪ್ಪಾಳೆ ಬೇರೆ, ಲೆಕ್ಕ ಬೇರೆ. 1908ರ ಲಂಡನ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಇಟಲಿಯ ಡೊರಾಂಡೊ ಪಿಯೆತ್ರಿ ಎಲ್ಲರಿಗಿಂತ ಮುಂದಿದ್ದ. ಸ್ಟೇಡಿಯಂ ಒಳಗೆ ಬಂದು ಬಿದ್ದ, ಎದ್ದ, ಮತ್ತೆ ಬಿದ್ದ. ಓಟ ನಡೆಸುವವರೇ ಪಾಪ ಅಂತ ಹಿಡಿದು ಗೆರೆ ದಾಟಿಸಿದರು. ಅಷ್ಟಕ್ಕೇ ಚಿನ್ನ ಹೋಯಿತು, ಹಿಂದೆ ಬಂದವನಿಗೆ ಸಿಕ್ಕಿತು. ರಾಣಿ ಮರುದಿನ ಕರೆದು ಒಂದು ಕಪ್ ಕೊಟ್ಟಳು, ಇರಲಿ. ಜೊತೆಯ ಓಟಗಾರ ಬಿದ್ದರೆ ಎಬ್ಬಿಸಿ ನಿಲ್ಲಿಸಬಹುದು. ಮುಂದಕ್ಕೆ ಎಳೆದುಕೊಂಡು ಹೋಗುವಂತಿಲ್ಲ. ನೀನಂತೂ ಓಟದಲ್ಲೇ ಇಲ್ಲ.

(ನನ್ನ ಮದುವೆಗೂ ದೊಡ್ಡಪ್ಪ ಇಷ್ಟುದ್ದ ಬರೆದಿರಲಿಲ್ಲ.)

ಕಾಕಾ: ಇದೇನು ಒಲಿಂಪಿಕ್ಸಾ? ಟೀ ಶರ್ಟು, ಬಾಳೆಹಣ್ಣು ಕೊಡುವ ಓಟ!

ದೊಡ್ಡಪ್ಪ: ಮೆಡಲೂ ಕೊಟ್ಟಿದ್ದಾರಲ್ಲ. ನಾಲ್ಕನೆಯವಳು ಎಷ್ಟು ಹಿಂದೆ ಇದ್ದಳು?

ಕಾಕಾ: ಒಂದೆರಡು ಸೆಕೆಂಡ್. ಅದೇನು ಜಾಸ್ತಿ ಅಲ್ಲ.

ದೊಡ್ಡಪ್ಪ: 1984ರ ಒಲಿಂಪಿಕ್ಸಿನಲ್ಲಿ ಪಿ.ಟಿ. ಉಷಾಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ. ನಿಮ್ಮ ಓಟದ ಆ ನಾಲ್ಕನೆಯ ಹುಡುಗಿಯ ಅಪ್ಪನೂ ಅಲ್ಲೇ ಇದ್ದಿರಬೇಕು. ಹಗ್ಗದ ಆಚೆ.

ಅತ್ತೆ: ಆ ಅಪ್ಪನಿಗೆ ಮೊಣಕಾಲು ನೋವಿರಬಹುದು.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ತಂಗಿ ಆನ್‌ಲೈನ್ ಬಂದಳು.

ತಂಗಿ: ನಾನು ಬೀಳುವ ಹಾಗಿರಲಿಲ್ಲ ಅತ್ತೆ. ಕೊನೆಯ ನೂರು ಮೀಟರ್‌ಗೆ ಅಂತಲೇ ಉಸಿರು ಉಳಿಸಿಕೊಂಡಿದ್ದೆ. ಮೂರು ತಿಂಗಳು ಕಲಬುರಗಿಯ ‘ಅಪ್ಪನ ಕೆರೆ’ ಹತ್ತಿರ ಅದನ್ನೇ ಪ್ರಾಕ್ಟೀಸ್ ಮಾಡಿದ್ದೆ. ಜೋರು ಹಿಡಿಯಬೇಕು ಅನ್ನುವಾಗ ಅಪ್ಪ ಕೈ ಹಿಡಿದರು. ಆಮೇಲೆ ಅವರ ವೇಗದಲ್ಲೇ ಓಡಬೇಕಾಯಿತು. ವಿಡಿಯೊ ಸರಿಯಾಗಿ ನೋಡಿ, ನಾಲ್ಕನೆಯವಳು ಹತ್ತಿರ ಬಂದಿದ್ದೇ ಆಗ.

ಕಾಕಾ: ಈ ಸಂದೇಶವನ್ನು ಅಳಿಸಲಾಗಿದೆ

ಕಾಕಾ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಮತ್ತೆ ಮೆಡಲ್?

ತಂಗಿ: ಓಟ ನಡೆಸಿದವರಿಗೆ ಇದೇ ವಿಡಿಯೊ ಕಳಿಸಿದ್ದೇನೆ. ಅವರು ವಾಪಸ್ ಕೇಳಿದರೆ ಕೊಡುತ್ತೇನೆ.

ಕಾಕಾ: ಅಯ್ಯೋ, ಮೆಡಲ್ ಫೋಟೊ ಸ್ಟೇಟಸ್‌ಗೆ ಹಾಕಿದ್ದೇನಲ್ಲವ್ವಾ!

ತಂಗಿ: ತೆಗೆಯಿರಿ ಅಪ್ಪಾ.

ಕಾಕಾ: ಅದನ್ನು ಹೇಗೆ ತೆಗೆಯುವುದು?